ಬೀದರ್–ಭಾಲ್ಕಿ–ಔರಾದ್: ಧರ್ಮಚಿಂತನೆ, ವಿದ್ಯೆ ಮತ್ತು ಸಮಾಜ

ಅ. ಬೀದರ್: ಮಹಮೂದ್ ಗವಾನ್ ಮದರಸಾ
1. ನಿರ್ಮಾಣ: 1472. ಮೂರು ಅಂತಸ್ತು, ಹೆಂಚುಫಲಕಗಳ ಪರ್ಷಿಯನ್ ಶೈಲಿ.
2. ಅಂದಿನ ಬೋಧನೆ: ದೇವತಾಶಾಸ್ತ್ರದ ಜೊತೆಗೆ ತತ್ತ್ವಶಾಸ್ತ್ರ, ಖಗೋಳಶಾಸ್ತ್ರ, ಗಣಿತ. ಒಂದೇ ಸೂರಿನಡಿ ಧರ್ಮ ಮತ್ತು ವಿಜ್ಞಾನ. ಇದೇ ಮದರಸಾದ ಹಿರಿಮೆ.
3. ಗವಾನ್: ಬಹಮನಿ ಪ್ರಧಾನಿ, 3ನೇ ಮುಹಮ್ಮದ್ ಶಾಹನ ಆಜ್ಞೆಯಂತೆ 1481ರಲ್ಲಿ ಮರಣದಂಡನೆ.
4. ಗವಾನನ ಪತ್ರಸಂಗ್ರಹ: ರಿಯಾಜ್-ಉಲ್-ಇನ್ಶಾ.

ಆ. ಅಷ್ಟೂರು (ಬೀದರ್ ಬಳಿ)
- ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ: ಉರುಸಿನಲ್ಲಿ ಮುಸ್ಲಿಮರು, ಲಿಂಗಾಯತರು ಇಬ್ಬರೂ ಭಾಗಿ.

ಇ. ಭಾಲ್ಕಿ ಮತ್ತು ಔರಾದ್
1. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು: ಜನ್ಮಸ್ಥಳ ಕಮಲನಗರ (ಹಿಂದೆ ಔರಾದ್ ತಾಲ್ಲೂಕು).
2. ನಿಜಾಮ್ ಆಳ್ವಿಕೆಯಲ್ಲಿ ಅವರ ಶಾಲೆಯ ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ.
3. ಶರಣರ ವಚನತತ್ತ್ವವನ್ನು ಶಿಕ್ಷಣ, ಅಸ್ಪೃಶ್ಯತೆ ನಿವಾರಣೆಗೆ ಅನ್ವಯಿಸಿದರು.

ಗೊಂದಲ ಬೇಡ
- ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು: ಅಹ್ಮದ್ ಶಾ ವಲಿ. ಮದರಸಾ ಕಟ್ಟಿಸಿದವನು: ಗವಾನ್.
- ಚನ್ನಬಸವಣ್ಣ: 12ನೇ ಶತಮಾನದ ಶರಣ. ಚನ್ನಬಸವ ಪಟ್ಟದ್ದೇವರು: 20ನೇ ಶತಮಾನದ ಮಠಾಧೀಶರು.
- ಅನುಭವ ಮಂಟಪ (ಶರಣರ ಚರ್ಚಾಸಭೆ): ಸ್ಥಳ ಬೀದರ್ ಜಿಲ್ಲೆಯ ಬಸವಕಲ್ಯಾಣ, ಭಾಲ್ಕಿ ಅಲ್ಲ.

ಸಾರ: ಮದರಸಾ = ಧರ್ಮ + ಶಾಸ್ತ್ರಗಳು; ಭಾಲ್ಕಿ ಮಠ = ಧರ್ಮ + ಭಾಷೆ + ಸಮಾನತೆ.