ಚೆಂಡು ಯಾರ ಕೈಯಲ್ಲಿ, ಟೈಮ್‌ಔಟ್ ಯಾರಿಗೆ?

ಎನ್‌ಬಿಎ ನೋಡಿ ಆಟ ಕಲಿತ ಹುಡುಗರು ನಮ್ಮ ಕೋರ್ಟುಗಳಲ್ಲೂ, ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿಕೊಂಡ ಕೂಡಲೇ ರೆಫರಿಯತ್ತ ತಿರುಗಿ ಟೈಮ್‌ಔಟ್ ಕೇಳುತ್ತಾರೆ. ರೆಫರಿ ಕೊಡುವುದಿಲ್ಲ. ಭಾರತದಲ್ಲಿ ನಡೆಯುವುದು ಫಿಬಾ ನಿಯಮ. ಅದರಲ್ಲಿ ಆಟಗಾರನಿಗೆ ಆ ಹಕ್ಕೇ ಇಲ್ಲ. ಇಲ್ಲಿರುವುದೂ ಫಿಬಾ ಲೆಕ್ಕವೇ: ಮೊದಲು ಚೆಂಡಿನ ಕಂಟ್ರೋಲ್, ಆಮೇಲೆ ಟೈಮ್‌ಔಟ್.

ಹಂತ 1: ಮೊದಲು ಕಂಟ್ರೋಲ್ ನೋಡಿ

ಆಟಗಾರ ಚೆಂಡು ಹಿಡಿದಿದ್ದರೆ ಅಥವಾ ಡ್ರಿಬಲ್ ಮಾಡುತ್ತಿದ್ದರೆ ಅವನ ತಂಡಕ್ಕೆ ಕಂಟ್ರೋಲ್ ಇದೆ. ಪಾಸ್ ಗಾಳಿಯಲ್ಲಿದ್ದಾಗಲೂ ಅದು ಮುಂದುವರಿಯುತ್ತದೆ. ಎದುರಾಳಿಯ ಬೆರಳು ತಾಗಿದ ಮಾತ್ರಕ್ಕೆ ತಪ್ಪಿಹೋಗದು, ಅವನು ಚೆಂಡನ್ನು ವಶಕ್ಕೆ ತೆಗೆದುಕೊಳ್ಳಬೇಕು. ಬರೀ ತಾಗಿದಾಗ 24 ಸೆಕೆಂಡಿನ ಗಡಿಯಾರ ಮೊದಲಿನಿಂದ ಶುರುವಾಗದಿರುವುದು ಇದಕ್ಕೇ.

ಹಂತ 2: ಶಾಟ್ ಕೈಬಿಟ್ಟಿತೇ?

ಹೆಚ್ಚು ಜಗಳ ಆಗುವುದು ಇಲ್ಲೇ. ಶಾಟ್ ಆಟಗಾರನ ಕೈಬಿಟ್ಟ ಕ್ಷಣ ತಂಡದ ಕಂಟ್ರೋಲ್ ಮುಗಿಯಿತು. ಚೆಂಡು ರಿಂಗಿಗೆ ಬಡಿದು ಮೇಲೆದ್ದಿದೆ, ದಾಳಿ ಮಾಡುತ್ತಿದ್ದ ತಂಡದವನೊಬ್ಬ ಎಗರಿ ಬೆರಳ ತುದಿಯಿಂದ ತಟ್ಟುತ್ತಾನೆ. ಅದು ಉರುಳುತ್ತಾ ಅರ್ಧಗೆರೆ ದಾಟುತ್ತದೆ, ಅಲ್ಲಿ ಅವನ ಜೊತೆಗಾರ ಎತ್ತಿಕೊಳ್ಳುತ್ತಾನೆ. ಚೆಂಡನ್ನು ತಮ್ಮದೇ ಅರ್ಧಕ್ಕೆ ಮರಳಿಸಿದರೆಂದು ಸುತ್ತಲಿದ್ದವರೆಲ್ಲ ‘ಬ್ಯಾಕ್‌ಕೋರ್ಟ್!’ ಎಂದು ಕೂಗುತ್ತಾರೆ. ಆದರೆ ತಪ್ಪಿಲ್ಲ: ತಟ್ಟುವುದು ಹಿಡಿದಂತಲ್ಲ, ಫ್ರಂಟ್‌ಕೋರ್ಟಿನಲ್ಲಿ, ಅಂದರೆ ದಾಳಿಯ ಅರ್ಧದಲ್ಲಿ, ಆ ತಂಡಕ್ಕೆ ಕಂಟ್ರೋಲ್ ಬಂದೇ ಇರಲಿಲ್ಲ. ಅದೇ ಆಟಗಾರ ರೀಬೌಂಡನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ನೆಲಕ್ಕಿಳಿದು, ಹಿಂದಕ್ಕೆ ಪಾಸ್ ಕೊಟ್ಟಿದ್ದರೆ ತಪ್ಪೇ. ಕೂಗುವ ಮೊದಲು ಆ ಬೆರಳುಗಳನ್ನು ನೋಡಿ.

ಹಂತ 3: ಟೈಮ್‌ಔಟ್ ಯಾರು, ಯಾವಾಗ?

ಹೆಡ್ ಕೋಚ್ ಅಥವಾ ಮೊದಲ ಅಸಿಸ್ಟೆಂಟ್ ಕೋಚ್ ಸ್ಕೋರರ್ ಟೇಬಲ್‌ಗೆ ಹೋಗಿ ಕೇಳಬೇಕು. ಕೇಳಿದ ತಕ್ಷಣ ಸಿಗುವುದಿಲ್ಲ. ಚೆಂಡು ಡೆಡ್ ಆಗಿ, ಗಡಿಯಾರ ನಿಂತು, ರೆಫರಿ ಟೇಬಲ್‌ನೊಂದಿಗೆ ಮಾತು ಮುಗಿಸಿದ್ದರೆ ಎರಡೂ ತಂಡಕ್ಕೆ ಅವಕಾಶ. ಆಟದ ನಡುವೆ ಬ್ಯಾಸ್ಕೆಟ್ ಬಿದ್ದರೆ, ಪಾಯಿಂಟ್ ಬಿಟ್ಟುಕೊಟ್ಟ ತಂಡಕ್ಕೆ ಮಾತ್ರ. ಥ್ರೋ-ಇನ್ ಮಾಡುವವನ ಕೈಗೆ ಚೆಂಡು ಬಂತೆಂದರೆ ಅವಕಾಶ ಮುಗಿಯಿತು.

ಅಮೆರಿಕದ ಕಾಲೇಜು ನಿಯಮದಲ್ಲಿ ಚೆಂಡು ಹಿಡಿದ ಆಟಗಾರನೂ ಕೇಳಬಹುದು. 1993ರ ಎನ್‌ಸಿಎಎ ಫೈನಲ್‌ನಲ್ಲಿ 11 ಸೆಕೆಂಡು ಉಳಿದಿದ್ದಾಗ, 73–71ರಿಂದ ಹಿಂದಿದ್ದ ಮಿಷಿಗನ್‌ನ ಕ್ರಿಸ್ ವೆಬರ್ ಟೈಮ್‌ಔಟ್ ಕೇಳಿದ. ತಂಡದ ಬಳಿ ಒಂದೂ ಉಳಿದಿರಲಿಲ್ಲ. ಟೆಕ್ನಿಕಲ್ ಫೌಲ್ ಬಿತ್ತು, ನಾರ್ತ್ ಕೆರೊಲಿನಾ ಗೆದ್ದಿತು. ಇಪ್ಪತ್ತರ ಹುಡುಗನ ಮೇಲೆ ಅಷ್ಟು ಭಾರ ಹೊರಿಸದ ಫಿಬಾ ಪದ್ಧತಿಯೇ ನನಗೆ ಸರಿ ಕಾಣುತ್ತದೆ.

ಹಂತ 4: ಎಣಿಕೆ

ಮೊದಲರ್ಧಕ್ಕೆ 2, ಎರಡನೆಯದಕ್ಕೆ 3, ಪ್ರತಿ ಓವರ್‌ಟೈಮ್‌ಗೆ 1. ಉಳಿದದ್ದು ಮುಂದಕ್ಕೆ ಬರುವುದಿಲ್ಲ. ನಾಲ್ಕನೇ ಕ್ವಾರ್ಟರಿನ ಕೊನೆಯ 2 ನಿಮಿಷದಲ್ಲಿ ಹೆಚ್ಚೆಂದರೆ 2. ಎರಡನೆಯರ್ಧದಲ್ಲಿ ಅಷ್ಟರವರೆಗೆ ಒಂದನ್ನೂ ಬಳಸದಿದ್ದರೆ ಸ್ಕೋರರ್ ಸ್ಕೋರ್‌ಶೀಟಿನಲ್ಲಿ ಆ ಅರ್ಧದ ಟೈಮ್‌ಔಟಿನ ಮೊದಲ ಚೌಕಕ್ಕೆ ಎರಡು ಅಡ್ಡಗೆರೆ ಎಳೆಯುತ್ತಾನೆ, ಅದು ಹೋದಂತೆಯೇ.

ಆ 2 ನಿಮಿಷದಲ್ಲಿ ಎದುರಾಳಿ ಬ್ಯಾಸ್ಕೆಟ್ ಹಾಕಿದ ಮೇಲೆ ಟೈಮ್‌ಔಟ್ ತೆಗೆದುಕೊಂಡ ಕೋಚ್, ಥ್ರೋ-ಇನ್ ಎಲ್ಲಿಂದ ಬೇಕೆಂದು ಆರಿಸಬಹುದು. ಬ್ಯಾಕ್‌ಕೋರ್ಟಿನಿಂದಾದರೆ ಶಾಟ್‌ಗೆ 24 ಸೆಕೆಂಡು, ಫ್ರಂಟ್‌ಕೋರ್ಟಿನಿಂದಾದರೆ 14.