ಒಂಟಿ ಅಣುವನ್ನು ತಡವಿ ನೋಡುವ ಸೂಜಿ

ಪ್ರೌಢಶಾಲೆಯ ರಸಾಯನಶಾಸ್ತ್ರದ ತರಗತಿಯಲ್ಲಿ ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಬೆಂಜೀನಿನ ಷಟ್ಕೋನವನ್ನು ಬರೆದಾಗ, ಹಿಂದಿನ ಸಾಲಿನಿಂದ ಒಬ್ಬ ಹುಡುಗನಾದರೂ ಎದ್ದು "ಇದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ, ಸಾರ್?" ಎಂದು ಕೇಳುವುದುಂಟು. ಕೇಳದಿದ್ದರೆ ಕೇಳಬೇಕು. 1865ರಲ್ಲಿ ಜರ್ಮನ್ ರಸಾಯನ ವಿಜ್ಞಾನಿ ಕೆಕುಲೆ ಆ ಉಂಗುರವನ್ನು ಸೂಚಿಸಿದಂದಿನಿಂದ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಉಪಾಧ್ಯಾಯರ ಬಳಿ ಇದ್ದ ಪ್ರಾಮಾಣಿಕ ಉತ್ತರ ಒಂದೇ: "ಕಂಡಿಲ್ಲ, ಆದರೆ ಹಾಗೆ ಇದೆ ಎಂದು ನಂಬಲು ಬಲವಾದ ಕಾರಣಗಳಿವೆ." 1988ರಲ್ಲಿ ಕ್ಯಾಲಿಫೋರ್ನಿಯದ ಐ.ಬಿ.ಎಂ. ಪ್ರಯೋಗಶಾಲೆಯವರು ರೋಡಿಯಂ ಲೋಹದ ಮೇಲ್ಮೈಯಲ್ಲಿ ಸಾಲಾಗಿ ಕುಳಿತ ಬೆಂಜೀನ್ ಅಣುಗಳನ್ನು ಪುಟ್ಟ ಉಂಗುರಗಳಾಗಿ ಚಿತ್ರಿಸಿದ ಮೇಲೆ ಈ ಉತ್ತರವನ್ನು ತಿದ್ದಬೇಕಾಯಿತು. ಆದರೆ ಹೇಗೆ ತಿದ್ದಬೇಕು ಎಂಬುದು ತೋರುವಷ್ಟು ಸರಳವಲ್ಲ.

ಬೆಳಕಿನಿಂದ ಅಣುವನ್ನು ನೋಡುವುದು ಸಾಧ್ಯವಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 400ರಿಂದ 700 ನ್ಯಾನೋಮೀಟರ್. ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಎಷ್ಟೇ ಉತ್ತಮವಾದ ಮಸೂರವಿದ್ದರೂ ಸಾಧಾರಣ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ತೋರಿಸಲಾರದು. ಬೆಂಜೀನ್ ಅಣುವಾದರೋ ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕದು. ರಾಗಿಕಾಳುಗಳ ಜೋಡಣೆಯನ್ನು ಒನಕೆಯಿಂದ ಮುಟ್ಟಿ ತಿಳಿಯಲು ಹೊರಟಂತೆ ಇದು.

ಒನಕೆಯನ್ನು ಬಿಟ್ಟು ಸೂಜಿಯನ್ನು ಹಿಡಿದವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐ.ಬಿ.ಎಂ. ಪ್ರಯೋಗಶಾಲೆಯ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್. 1981ರಲ್ಲಿ ಅವರು ರೂಪಿಸಿದ ಸುರಂಗ ಸೂಕ್ಷ್ಮದರ್ಶಕದಲ್ಲಿ ಮಸೂರವೂ ಇಲ್ಲ, ಬೆಳಕೂ ಇಲ್ಲ. ತುದಿಯಲ್ಲಿ ಒಂದೇ ಪರಮಾಣು ಮುಂಚಾಚಿರುವಷ್ಟು ಚೂಪಾದ ಲೋಹದ ಸೂಜಿಯನ್ನು ಮೇಲ್ಮೈಗೆ ಮುಟ್ಟಿಯೂ ಮುಟ್ಟದ ಹಾಗೆ, ಒಂದು ನ್ಯಾನೋಮೀಟರಿಗೂ ಕಡಿಮೆ ಅಂತರದಲ್ಲಿ ಹಿಡಿದು, ಅಲ್ಪ ವಿದ್ಯುತ್ ಒತ್ತಡವನ್ನು ಕೊಡಲಾಗುತ್ತದೆ. ನಡುವೆ ತಂತಿ ಇಲ್ಲದಿದ್ದರೂ ಎಲೆಕ್ಟ್ರಾನುಗಳು ಆ ಬರಿದಾದ ಎಡೆಯನ್ನು ಹಾದುಬಿಡುತ್ತವೆ. ಬೆಟ್ಟವನ್ನು ಹತ್ತದೆ ಸುರಂಗದಲ್ಲಿ ನುಸುಳಿದಂತೆ ನಡೆಯುವ ಈ ವಿದ್ಯಮಾನಕ್ಕೆ ಸುರಂಗ ಪರಿಣಾಮವೆಂದು ಹೆಸರು. ಸೂಜಿ 0.1 ನ್ಯಾನೋಮೀಟರಿನಷ್ಟು ಹಿಂದೆ ಸರಿದರೆ ಪ್ರವಾಹ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉಪಕರಣದ ಜೀವಾಳ ಇದೇ. ವಿದ್ಯುತ್ ಒತ್ತಡಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಪೀಜೋ ಪಿಂಗಾಣಿಯ ಕಡ್ಡಿಗಳು ಸೂಜಿಯನ್ನು ಸಾಲುಸಾಲಾಗಿ ನಡೆಸುತ್ತವೆ. ಪ್ರವಾಹ ಬದಲಾಗದಂತೆ ಸೂಜಿಯನ್ನು ಏರಿಸಿ ಇಳಿಸುತ್ತ ಹೋದರೆ, ಆ ಏರಿಳಿತದ ಲೆಕ್ಕವೇ ಚಿತ್ರವಾಗುತ್ತದೆ. ಮಸುಕಾದ ಕಲ್ಲುಶಾಸನದ ಅಕ್ಷರವನ್ನು ಬೆರಳಿನಿಂದ ತಡವಿ ಓದುವವರ ರೀತಿ ಇದು. 1986ರ ನೊಬೆಲ್ ಬಹುಮಾನದ ಅರ್ಧ ಇವರಿಬ್ಬರಿಗೆ ಸಂದಿತು. ಉಳಿದರ್ಧ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ರುಸ್ಕ ಅವರಿಗೆ.

ಇದನ್ನು ತರಗತಿಯಲ್ಲಿ ತೋರಿಸಲು ದುಬಾರಿ ಸಲಕರಣೆ ಬೇಕಿಲ್ಲ. ಒಂದು ಹಲಗೆಯ ಮೇಲೆ ಹುಣಿಸೆಬೀಜಗಳನ್ನು ಸಾಲಾಗಿ ಅಂಟಿಸಿ, ಕಣ್ಣು ಕಟ್ಟಿದ ವಿದ್ಯಾರ್ಥಿಯ ಕೈಗೆ ಒಂದು ಹೆಣಿಗೆಕಡ್ಡಿಯನ್ನು ಕೊಟ್ಟು, ತಡವಿದ್ದನ್ನು ಬಾಯಲ್ಲಿ ಹೇಳಿಸಿ, ಇನ್ನೊಬ್ಬನಿಂದ ಚೌಕುಳಿ ಕಾಗದದ ಮೇಲೆ ಗುರುತು ಮಾಡಿಸಿದರೆ ಸಾಕು. ಆಮೇಲೆ ಕಡ್ಡಿಯ ಬದಲು ದಪ್ಪ ಸೀಮೆಸುಣ್ಣವನ್ನು ಕೊಡಬೇಕು: ಬೀಜಗಳು ಊದಿಕೊಂಡು ಒಂದಕ್ಕೊಂದು ಅಂಟಿದಂತೆ ಬರುತ್ತವೆ. ಎರಡು ಕಡ್ಡಿಗಳನ್ನು ತುಸು ಅಂತರವಿಟ್ಟು ಜೋಡಿಸಿ ಕೊಟ್ಟರೆ ಪ್ರತಿಯೊಂದು ಬೀಜವೂ ಎರಡಾಗಿ ಕಾಣುತ್ತದೆ. ಸಂಶೋಧಕರ ಸೂಜಿಯಲ್ಲೂ ನಡೆಯುವುದು ಇದೇ. ಚಿತ್ರದಲ್ಲಿ ಮೂಡುವುದು ಬರಿಯ ಅಣುವಲ್ಲ; ಅಣು ಮತ್ತು ಸೂಜಿ ಎರಡೂ ಕೂಡಿದ ರೂಪ.

ಅದುರುವಿಕೆ ಈ ಯಂತ್ರದ ಬದ್ಧವೈರಿ. ದೊಡ್ಡನೆಕ್ಕುಂದಿಯಲ್ಲಿ ಹೊರವರ್ತುಲ ರಸ್ತೆಯ ಲಾರಿಗಳು ಹಾದುಹೋಗುವಾಗ ಕಿಟಕಿಯ ಗಾಜು ಸಣ್ಣಗೆ ಗುನುಗುವುದನ್ನು ನಿವಾಸಿಗಳು ಲೆಕ್ಕಿಸುವುದೇ ಇಲ್ಲ. ಆ ಗುನುಗು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೇ ಇದ್ದರೂ ಬೆಂಜೀನ್ ಅಣುವಿನ ಅಗಲಕ್ಕಿಂತ ಸಾವಿರ ಪಟ್ಟು ದೊಡ್ಡದು. ಬಿನ್ನಿಗ್ ಮತ್ತು ರೋರರ್ ತಮ್ಮ ಮೊದಲ ಯಂತ್ರವನ್ನು ಅತಿವಾಹಕ ಸೀಸದ ಬಟ್ಟಲಿನ ಮೇಲೆ ಅಯಸ್ಕಾಂತ ಬಲದಿಂದ ತೇಲಿಸಿದ್ದು ಇದೇ ಕಾರಣಕ್ಕೆ. ಮುಂದೆ ಸ್ಪ್ರಿಂಗುಗಳಿಂದ ತೂಗಿಬಿಡುವ ಸರಳ ಉಪಾಯವೇ ಸಾಕೆಂದು ತಿಳಿದುಬಂದಿತು.

1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗೆರ್ಬರ್ ಪರಮಾಣು ಬಲ ಸೂಕ್ಷ್ಮದರ್ಶಕವನ್ನು ರಚಿಸಿದರು. ಇದು ಪ್ರವಾಹಕ್ಕೆ ಬದಲಾಗಿ ಸೂಜಿಗೂ ಮೇಲ್ಮೈಗೂ ನಡುವಿನ ಬಲವನ್ನು ಅಳೆಯುವುದರಿಂದ ವಿದ್ಯುತ್ ಹರಿಯದ ವಸ್ತುಗಳಿಗೂ ಒದಗುತ್ತದೆ. 2009ರಲ್ಲಿ ಜ್ಯೂರಿಕ್ಕಿನ ಅದೇ ಪ್ರಯೋಗಶಾಲೆಯಲ್ಲಿ ಲಿಯೋ ಗ್ರಾಸ್ ಮತ್ತು ಸಂಗಡಿಗರು ಇಂತಹ ಸೂಜಿಯ ತುದಿಗೆ ಒಂದು ಕಾರ್ಬನ್ ಮಾನಾಕ್ಸೈಡ್ ಅಣುವನ್ನು ಅಂಟಿಸಿ ಪೆಂಟಸೀನ್ ಅಣುವಿನ ಮೇಲೆ ನಡೆಸಿದಾಗ, ಒಂದಕ್ಕೊಂದು ಹೊಂದಿಕೊಂಡ ಐದು ಷಟ್ಕೋನಗಳು ಪಠ್ಯಪುಸ್ತಕದಿಂದ ಎತ್ತಿಟ್ಟಂತೆ ಮೂಡಿದವು. ಹಿಂದಿನ ಸಾಲಿನ ಹುಡುಗನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ; ಅದು ಸೂಜಿ ಹುಟ್ಟುವುದಕ್ಕೆ ಮೊದಲೇ ಆರಂಭವಾಗುತ್ತದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ 'ಪ್ರಮಾಣ' ಪತ್ರಿಕೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗವನ್ನು ಕಟ್ಟಿ 1971ರಲ್ಲಿ ಬೆಂಗಳೂರಿಗೆ ಬಂದಿದ್ದವರು ಚಂದ್ರಶೇಖರ್. ಅದುವರೆಗೆ ದ್ರವ ಸ್ಫಟಿಕಗಳೆಂದರೆ ಕಡ್ಡಿಯಾಕಾರದ ಅಣುಗಳವು ಎಂದೇ ತಿಳಿವಳಿಕೆಯಿತ್ತು. ಬೆಂಜೀನ್ ಉಂಗುರದ ಆರು ಮೂಲೆಗಳಿಗೂ ಉದ್ದನೆಯ ಬಾಲಗಳನ್ನು ಜೋಡಿಸಿದ ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು, ಅವು ನಾಣ್ಯಗಳನ್ನು ಪೇರಿಸಿದಂತೆ ಕಂಬಗಳಾಗಿ ನಿಲ್ಲುತ್ತವೆ ಎಂಬುದು ಇವರ ಶೋಧ. ಬಿಲ್ಲೆಯನ್ನು ಅವರು ಕಂಡವರಲ್ಲ. ಕ್ಷ-ಕಿರಣಗಳು ಚದುರಿದ ಬಗೆಯಿಂದ ಊಹಿಸಿದರು. ಸುಮಾರು ಹದಿನೈದು ವರ್ಷಗಳ ತರುವಾಯ, 1990ರ ದಶಕದ ಆರಂಭದಲ್ಲಿ, ಜರ್ಮನಿಯ ಸಂಶೋಧಕರು ಅದೇ ಜಾತಿಯ ಬಿಲ್ಲೆಯಣುಗಳು ಗ್ರಾಫೈಟಿನ ಮೇಲೆ ಒಪ್ಪವಾಗಿ ಮಲಗಿರುವುದನ್ನು ಸುರಂಗ ಸೂಕ್ಷ್ಮದರ್ಶಕದಿಂದ ಚಿತ್ರಿಸಿದರು.

ಗ್ರಾಫೈಟೆಂದರೆ ಪೆನ್ಸಿಲಿನ ಕಡ್ಡಿಯ ವಸ್ತು. ಅಂಟುಪಟ್ಟಿಯನ್ನು ಒತ್ತಿ ಎಳೆದರೆ ಪದರ ಕಿತ್ತು, ಅಚ್ಚುಕಟ್ಟಾದ ಹೊಸ ಮೇಲ್ಮೈ ದೊರೆಯುತ್ತದೆ, ವಿದ್ಯುತ್ತೂ ಹರಿಯುತ್ತದೆ. ಆದ್ದರಿಂದ ಅಣುಗಳಿಗೆ ಮಣೆ ಹಾಕಲು ಎಲ್ಲರೂ ಅದನ್ನೇ ಆರಿಸಿಕೊಂಡರು. ದ್ರವ ಸ್ಫಟಿಕದ ಅಣುಗಳನ್ನು ಫಾಸ್ಟರ್ ಮತ್ತು ಫ್ರಾಮ್ಮರ್ 1988ರಲ್ಲಿ ಚಿತ್ರಿಸಿದ್ದೂ ಗ್ರಾಫೈಟಿನ ಮೇಲೆಯೇ. ಮರುವರ್ಷ ಥಾಮಸ್ ಬೀಬಿ ಮತ್ತು ಸಹೋದ್ಯೋಗಿಗಳು ಡಿ.ಎನ್.ಎ.ಯ ಜೋಡಿಸುರುಳಿಯನ್ನು ಇದೇ ಮಣೆಯ ಮೇಲೆ ಕಂಡೆವೆಂದು 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದಾಗ ಜಗತ್ತು ಪುಳಕಗೊಂಡಿತು. ಆನುವಂಶಿಕತೆಯ ಲಿಪಿಯನ್ನು ಸೂಜಿಯಿಂದ ಅಕ್ಷರಶಃ ಓದುವ ದಿನ ದೂರವಿಲ್ಲವೆಂಬ ಮಾತು ಕೇಳಿಬಂದಿತು.

ಆಮೇಲೆ ನಡೆದದ್ದನ್ನು ವಿಜ್ಞಾನದ ಉಪಾಧ್ಯಾಯರು ತಪ್ಪದೆ ತರಗತಿಯಲ್ಲಿ ಹೇಳಬೇಕು. 1991ರಲ್ಲಿ ಕೆರೋಲ್ ಕ್ಲೆಮ್ಮರ್ ಎಂಬವರೊಡನೆ ಅದೇ ಬೀಬಿ, ಅದೇ 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ಲೇಖನವನ್ನು ಬರೆದರು. ಡಿ.ಎನ್.ಎ.ಯ ಸೋಂಕೇ ಇಲ್ಲದ, ಆಗತಾನೆ ಪದರ ಕಿತ್ತ ಬರಿಯ ಗ್ರಾಫೈಟನ್ನು ಅವರು ಪರೀಕ್ಷಿಸಿದ್ದರು. ಅದರ ಮೇಲೂ ಸುರುಳಿ ಸುತ್ತಿದ ಹುರಿಯಂತಹ ಆಕೃತಿಗಳು, ನಿಗದಿತ ಅಂತರದ ತಿರುವುಗಳೊಡನೆ, ಕಂಡುಬಂದಿದ್ದವು! ಕಲ್ಲಿನ ಬಿರುಕೇ ಅಕ್ಷರದಂತೆ ತೋರಿದ ಹಾಗೆ, ಪದರಗಳ ಅಂಚು ಮತ್ತು ಕೂಡುಗೆರೆಗಳು ಅಣುವಿನ ವೇಷ ಧರಿಸಿದ್ದವು. ಹಿಂದಿನ ಚಿತ್ರಗಳೆಲ್ಲವೂ ಸುಳ್ಳೆಂದು ಇದರಿಂದ ಸಿದ್ಧವಾಗಲಿಲ್ಲ. ಚಿತ್ರವೊಂದೇ ಸಾಕ್ಷಿಯಾಗದು ಎಂಬುದಂತೂ ಸಿದ್ಧವಾಯಿತು. ತನಗೆ ಕೀರ್ತಿ ತಂದ ಬಗೆಯ ಚಿತ್ರವನ್ನೇ ಶಂಕಿಸಿ, ಖಾಲಿ ಮಣೆಯನ್ನು ತಡವಿ ನೋಡಿ, ಕಂಡದ್ದನ್ನು ಮುಚ್ಚಿಡದೆ ಪ್ರಕಟಿಸುವುದು ಸುಲಭದ ಕೆಲಸವಲ್ಲ. ಬಹುಮಾನ ಬಂದ ಅನೇಕ ಶೋಧಗಳಿಗಿಂತ ಈ ಪುಟ್ಟ ಲೇಖನಕ್ಕೆ ಹೆಚ್ಚು ಗೌರವ ಸಲ್ಲಬೇಕು.

ಹಾಗಾದರೆ ಸೂಜಿಯ ಕೆಳಗಿರುವುದು ಇಂಥದೇ ಅಣು ಎಂದು ಗುರುತಿಸುವುದು ಹೇಗೆ? ಆಕಾರದಿಂದಲ್ಲ, ಕಂಪನದಿಂದ. ಪ್ರತಿಯೊಂದು ಅಣುವಿನ ಬಂಧಗಳೂ ತಮ್ಮದೇ ಆದ ಆವರ್ತಾಂಕದಲ್ಲಿ ಮಿಡಿಯುತ್ತವೆ. 1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲ್ಸನ್ ಹೋ ಮತ್ತು ಅವರ ಶಿಷ್ಯರು ತಾಮ್ರದ ಮೇಲೆ ಕುಳಿತ ಒಂದೇ ಒಂದು ಅಸಿಟಿಲೀನ್ ಅಣುವಿನ ಮೇಲೆ ಸೂಜಿಯನ್ನು ನಿಲ್ಲಿಸಿದರು. ವೆಲ್ಡಿಂಗ್ ಅಂಗಡಿಗಳಲ್ಲಿ ಉರಿಯುವ ಅನಿಲವೇ ಈ ಅಸಿಟಿಲೀನ್. ಪರಮ ಶೂನ್ಯಕ್ಕಿಂತ ಎಂಟೇ ಡಿಗ್ರಿ ಮೇಲಿನ ಶೈತ್ಯದಲ್ಲಿ ವಿದ್ಯುತ್ ಒತ್ತಡವನ್ನು ಮೆಲ್ಲಗೆ ಏರಿಸುತ್ತ ಹೋದಾಗ, 358 ಮಿಲಿವೋಲ್ಟಿನಲ್ಲಿ ಎಲೆಕ್ಟ್ರಾನು ಇಂಗಾಲ–ಜಲಜನಕ ಬಂಧವನ್ನು ಮೀಟಿದ ಗುರುತು ಪ್ರವಾಹದಲ್ಲಿ ಕಾಣಿಸಿತು. ಜಲಜನಕದ ಬದಲು ಅದರ ಭಾರವಾದ ಸೋದರ ಡ್ಯುಟೀರಿಯಂ ಇರುವ ಅಣುವಿನಲ್ಲಿ ಆ ಗುರುತು 266 ಮಿಲಿವೋಲ್ಟಿಗೆ ಇಳಿಯಿತು. ತೂಕ ಹೆಚ್ಚಿದರೆ ಮಿಡಿತ ನಿಧಾನವಾಗಬೇಕು, ಹಾಗೆಯೇ ಆಯಿತು. ಬರಿಯ ಮಣೆ ಇಂತಹ ವೇಷವನ್ನು ಹಾಕಲಾರದು.

ಅಣುಗಳ ಕಂಪನವನ್ನು ಚದುರಿದ ಬೆಳಕಿನ ಬಣ್ಣದಲ್ಲಿ ಓದುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟದ್ದು 1928ರ ರಾಮನ್ ಪರಿಣಾಮ. ಆದರೆ ಅಲ್ಲಿ ಬೆಳಕಿಗೆ ಉತ್ತರ ಕೊಡುತ್ತಿದ್ದುದು ಕೋಟಿಕೋಟಿ ಅಣುಗಳ ಒಕ್ಕೊರಲು. 2013ರಲ್ಲಿ ಚೀನದ ಹೆಫೈ ನಗರದ ಸಂಶೋಧಕರು ಸುರಂಗ ಸೂಕ್ಷ್ಮದರ್ಶಕದ ಬೆಳ್ಳಿಯ ಮೊನೆಯಡಿ ಬೆಳಕನ್ನು ಕೇಂದ್ರೀಕರಿಸಿ, ಒಂದೇ ಪಾರ್ಫಿರಿನ್ ಅಣುವಿನ ಒಳಭಾಗಗಳ ರಾಮನ್ ನಕ್ಷೆಯನ್ನು ಬಿಡಿಸಿದರು. ಬೆಳಕು ಹೀಗೆ ಸೂಜಿಯ ಕೈಹಿಡಿದು ಅಣುವಿನ ಬಳಿಗೆ ಮರಳಿತು.

ಬೆಂಗಳೂರಿನ ಪ್ರಯೋಗಶಾಲೆಗಳಲ್ಲೂ ಈ ಸೂಜಿಗಳು ಬಹುಕಾಲದಿಂದ ಕೆಲಸಮಾಡುತ್ತಿವೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಪಿ. ವಿನೋದ್, ಜಿ.ಯು. ಕುಲಕರ್ಣಿ ಮತ್ತು ಸಿ.ಎನ್.ಆರ್. ರಾವ್ 1998ರಲ್ಲಿ, ಲೋಹದ ಕಣ ಸುಮಾರು ಒಂದು ನ್ಯಾನೋಮೀಟರಿಗೆ ಇಳಿದಾಗ ಲೋಹದ ಗುಣವನ್ನೇ ಕಳೆದುಕೊಳ್ಳುವುದನ್ನು ಇದರಿಂದ ತೋರಿಸಿದರು. ರಾಮನ್ ಸಂಸ್ಥೆಯಲ್ಲಿ 1977ರ ಮೂವರಲ್ಲೊಬ್ಬರಾದ ಸುರೇಶ್ ಅವರು ಅಲ್ಪನಾ ನಾಯಕ್ ಅವರೊಡನೆ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಬಿಲ್ಲೆಯಣುವೂ ಬೀಬಿಯವರನ್ನು ಕಾಡಿದ ಡಿ.ಎನ್.ಎ.ಯೂ ಒಂದುಗೂಡಿದವು. ಧನ ವಿದ್ಯುದಂಶದ ಬಿಲ್ಲೆಗಳನ್ನು ನೀರಿನ ಮೇಲೆ ಒಂದೇ ಅಣುವಿನ ದಪ್ಪದ ಪೊರೆಯಾಗಿ ಹರಡಿದರೆ, ನೀರಿನಲ್ಲಿರುವ ಋಣ ವಿದ್ಯುದಂಶದ ಡಿ.ಎನ್.ಎ. ಅವಕ್ಕೆ ಬಂದು ಅಂಟಿಕೊಳ್ಳುತ್ತದೆ. ಆ ಪೊರೆಯನ್ನು ಘನ ತಳದ ಮೇಲಕ್ಕೆ ಎತ್ತಿಕೊಂಡು, ವಿದ್ಯುತ್ ಹರಿಸುವ ಮೊನೆಯನ್ನು ಅದರ ಮೇಲೆ ಊರಿ, ಎಷ್ಟು ಒತ್ತಡಕ್ಕೆ ಎಷ್ಟು ಪ್ರವಾಹ ದಾಟುತ್ತದೆಂದು ಅವರು ಅಳೆದರು. ಈ ಅಳತೆ ಒಂಟಿ ಅಣುವಿನದಲ್ಲ. ಮೊನೆಯಡಿ ಸಿಕ್ಕ ಒಂದಷ್ಟು ಅಣುಗಳದು. ಲೇಖನದ ಶೀರ್ಷಿಕೆಯೂ ಪೊರೆಯ ವಾಹಕತೆ ಎಂದೇ ಹೇಳುತ್ತದೆ, ಅಣುವಿನ ವಾಹಕತೆ ಎಂದಲ್ಲ.