ಮಾಂಸ ಶೀತಲೀಕರಣ: ಮೇಲ್ಮೈ ಶಾಖ ವರ್ಗಾವಣೆ ಗುಣಾಂಕ

ವಧೆಯಾದ ಪ್ರಾಣಿಯ ದೇಹ ಶೀತಲಗೃಹಕ್ಕೆ ಬರುವಾಗ ಅದರ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ತಣ್ಣನೆ ಗಾಳಿ ಅದರಿಂದ ಎಷ್ಟು ಬೇಗ ಶಾಖ ಸೆಳೆಯುತ್ತದೆ ಎಂಬುದರ ಅಳತೆಯೇ ಈ ಗುಣಾಂಕ. ಆಧಾರ: ನ್ಯೂಟನ್ನನ ಶೀತಲೀಕರಣ ನಿಯಮ. ಏಕಮಾನ: ಪ್ರತಿ ಚದರ ಮೀಟರಿಗೆ, ಪ್ರತಿ ಕೆಲ್ವಿನ್‌ಗೆ ಇಷ್ಟು ವ್ಯಾಟ್.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ: ಇದು ಮಾಂಸದ ಗುಣವಲ್ಲ. ಗಾಳಿಯ ವೇಗ, ದೇಹದ ಆಕಾರ, ತೂಗುಹಾಕಿದ ರೀತಿ ಬದಲಾದರೆ ಗುಣಾಂಕವೂ ಬದಲಾಗುತ್ತದೆ.

ಅಳೆಯುವುದು ಹೇಗೆ? ನಿಜವಾದ ಮಾಂಸದ ಒಳಭಾಗ ನಿಧಾನವಾಗಿ ತಣಿಯುವುದರಿಂದ ಲೆಕ್ಕ ಜಟಿಲ. ಹಾಗಾಗಿ ಅದೇ ಆಕಾರದ ಲೋಹದ ಮಾದರಿ ಮಾಡಿ, ಒಳಗೆ ಉಷ್ಣತೆ ಅಳೆಯುವ ಥರ್ಮೋಕಪಲ್ ಇಟ್ಟು, ಬಿಸಿ ಮಾಡಿ ಗಾಳಿಗೆ ಒಡ್ಡುತ್ತಾರೆ. ಲೋಹದಲ್ಲಿ ಶಾಖ ಸಲೀಸಾಗಿ ಹರಿಯುವುದರಿಂದ ಇಡೀ ಮಾದರಿ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ (ಒಳಗಿನ ಶಾಖ ನಿರೋಧಕ್ಕೂ ಮೇಲ್ಮೈಯ ಶಾಖ ನಿರೋಧಕ್ಕೂ ಇರುವ ಅನುಪಾತವಾದ ಬಯೋ ಸಂಖ್ಯೆ 0.1ಕ್ಕಿಂತ ಕಡಿಮೆ). ಮಾದರಿ ಮತ್ತು ಗಾಳಿಯ ಉಷ್ಣತೆಗಳ ವ್ಯತ್ಯಾಸದ ಲಾಗರಿದಮ್ ಅನ್ನು ಸಮಯಕ್ಕೆ ಎದುರಾಗಿ ಗುರುತಿಸಿದರೆ ಸರಳರೇಖೆ ಬರುತ್ತದೆ. ಅದರ ಇಳಿಜಾರಿನಿಂದ ಗುಣಾಂಕ ಸಿಗುತ್ತದೆ. ಆದರೆ ಒಣ ಲೋಹದಿಂದ ನೀರು ಆವಿಯಾಗದು, ಹಸಿ ಮಾಂಸದಿಂದ ಆಗುತ್ತದೆ. ಹೀಗೆ ಆವಿಯಾಗುವುದರಿಂದ ಹೋಗುವ ಶಾಖವನ್ನು ಪ್ರತ್ಯೇಕವಾಗಿ ಸೇರಿಸಲೇಬೇಕು.

ನೆನಪಿಡಿ, ತಣಿಸುವಿಕೆಯ ಗುರಿ ಇದು: ಯುರೋಪಿಯನ್ ಒಕ್ಕೂಟದ 853/2004 ನಿಯಮದ ಪ್ರಕಾರ ದನ, ಕುರಿ, ಹಂದಿಗಳಂಥ ಪ್ರಾಣಿಗಳ ಮಾಂಸ 7 ಡಿಗ್ರಿಗೆ, ಒಳಾಂಗಗಳು 3 ಡಿಗ್ರಿಗೆ ಇಳಿಯಬೇಕು.